ಕರುಳು ಫೇಲ್ ಆದ್ರೆ ಯಾವ ಕಾರ್ಡು ತೋರಿಸ್ಬೇಕು?



ಬರಹ ಸ್ವಲ್ಪ ಉದ್ದ ಇದೆ. ಬಿಡುವು ಮಾಡ್ಕೊಂಡು ಪೂರ್ತಿ ಓದಿ. ಜಾತಿ, ಜಮೀನು, ದೌರ್ಜನ್ಯದ ಬಗ್ಗೆ ಬರೆಯೋನು ಇವತ್ತು ಕರುಳಿನ ಬಗ್ಗೆ ಯಾಕೆ ಬರೀತಿದಾನೆ ಅಂತ ಕೆಲವರಿಗೆ ಅನ್ನಿಸಬಹುದು. ಓದ್ತಾ ಹೋದ್ರೆ ಗೊತ್ತಾಗುತ್ತೆ.

ಕಿಡ್ನಿ ಫೇಲ್ ಅಂದ್ರೆ ನಮ್ಮ ಎ.ಕೆ. ಕಾಲೋನಿಯ ಅಜ್ಜಿಗೂ ಅರ್ಥ ಆಗುತ್ತೆ. ವಾರಕ್ಕೆ ಎರಡೋ ಮೂರೋ ಸಲ ಡಯಾಲಿಸಿಸ್ ಮಾಡಿಸ್ಬೇಕು ಅನ್ನೋದೂ ಗೊತ್ತು. ಹಾರ್ಟ್ ಫೇಲ್, ಲಿವರ್ ಫೇಲ್ ಕೂಡ ಕೇಳಿದೀವಿ. ಆದರೆ ‘ಕರುಳು ಫೇಲ್ ಆಗಿದೆ’ ಅಂತ ಯಾರಾದ್ರೂ ಹೇಳಿದ್ದು ಕೇಳಿದೀರಾ? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲೂಕುಗಳಲ್ಲಿ ಹದಿನೆಂಟು ವರ್ಷದಿಂದ ಓಡಾಡ್ತಿದೀನಿ. ಸ್ಮಶಾನದ ಜಾಗ, ಬಗರ್‌ಹುಕುಂ ಅರ್ಜಿ, ಅಟ್ರಾಸಿಟಿ ಕೇಸು ಅಂತ ಹತ್ತದ ಮೆಟ್ಟಿಲಿಲ್ಲ. ಎರಡು ವರ್ಷದ ಹಿಂದಿನವರೆಗೂ ಈ ಮಾತು ನನ್ನ ಕಿವಿಗೂ ಬಿದ್ದಿರಲಿಲ್ಲ.

ವೈದ್ಯರು ಇದನ್ನ ಇಂಟೆಸ್ಟೈನಲ್ ಫೇಲ್ಯೂರ್ ಅಂತಾರೆ. ತಿಂದ ಅನ್ನದಿಂದ, ಕುಡಿದ ನೀರಿನಿಂದ ದೇಹಕ್ಕೆ ಬೇಕಾದಷ್ಟನ್ನ ಹೀರಿಕೊಳ್ಳೋಕೆ ಕರುಳಿನ ಕೈಲಿ ಆಗಲ್ಲ. ರಕ್ತನಾಳದ ಮೂಲಕ ನೀರು, ಉಪ್ಪು, ಆಹಾರ ಕೊಡದಿದ್ರೆ ಜೀವ ಉಳಿಯಲ್ಲ. ಬಾಯಿ ಇದೆ, ಹಸಿವಿದೆ, ಮುಂದೆ ಮುದ್ದೆ ಸಾರೂ ಇದೆ. ಉಂಡದ್ದು ಮೈಗೆ ಹತ್ತಲ್ಲ, ಅಷ್ಟೇ.

ಬೋಟಿ ತೊಳೆಯೋ ಮನೆಯವರಿಗೆ ಕರುಳು ಅಂದ್ರೇನು ಅಂತ ಪಾಠ ಮಾಡ್ಬೇಕಾಗಿಲ್ಲ. ಕುರಿ ಕರುಳನ್ನ ಕಡ್ಡಿಗೆ ಸಿಕ್ಕಿಸಿ ಒಳಮಗ್ಗುಲನ್ನ ಹೊರಕ್ಕೆ ತಿರುಗಿಸಿದಾಗ ಮಖಮಲ್ಲಿನ ಥರ ಮೆತ್ತಗೆ ಇರುತ್ತಲ್ಲ, ಅನ್ನದ ಸಾರ ಹೀರೋದು ಅದೇ ಜಾಗ. ದೊಡ್ಡವರ ಸಣ್ಣ ಕರುಳು ಸುಮಾರು 6 ಮೀಟರ್, ಅಂದ್ರೆ 20 ಅಡಿಯಷ್ಟು ಉದ್ದ. ಒಬ್ಬೊಬ್ಬರಿಗೆ ಒಂದೊಂದು ಥರ, 3 ಮೀಟರಿಂದ 8 ಮೀಟರ್‌ವರೆಗೂ ಇರುತ್ತೆ. ನಾವು ದಿನಕ್ಕೆ ಕುಡಿಯೋ 2 ಲೀಟರ್ ನೀರಿನ ಜೊತೆಗೆ ಜೊಲ್ಲು, ಜಠರದ ರಸ, ಪಿತ್ತ ಎಲ್ಲ ಸೇರಿ 8-9 ಲೀಟರ್ ದ್ರವ ಅದರೊಳಗೆ ಇಳಿಯುತ್ತೆ. ಹೆಚ್ಚುಕಮ್ಮಿ ಪೂರ್ತಿ ವಾಪಸ್ ರಕ್ತಕ್ಕೆ ಸೇರಿ, ಮಲದಲ್ಲಿ ಹೋಗೋದು ಒಂದು ಲೋಟದಷ್ಟು. ಇಷ್ಟು ದೊಡ್ಡ ಕೆಲಸ ದಿನಾ ಸದ್ದಿಲ್ಲದೆ ನಡೀತಿರುತ್ತೆ. ಸಣ್ಣ ಕರುಳು 2 ಮೀಟರ್‌ಗಿಂತ ಕಮ್ಮಿ ಉಳಿದ್ರೆ ಅದಕ್ಕೆ ‘ಶಾರ್ಟ್ ಬವೆಲ್’ ಅಂತಾರೆ. ಕರುಳು ಫೇಲ್ ಆಗೋಕೆ ದೊಡ್ಡ ಕಾರಣ ಅದೇ.

ಮೂರು ಥರ ಇದೆಯಂತೆ. ಮೊದಲನೇದು, ಆಪರೇಷನ್ ಆದ ಮೇಲೆ ಕರುಳು ಕೆಲವು ದಿನ ಸುಮ್ಮನಾಗೋದು. ಬಹುತೇಕ ತಾನಾಗೇ ಸರಿಹೋಗುತ್ತೆ. ಎರಡನೇದು, ಸೋಂಕು, ಕರುಳಿನ ಸೋರಿಕೆ ಅಂತ ವಾರಗಟ್ಟಲೆ, ತಿಂಗಳುಗಟ್ಟಲೆ ಎಳೆಯೋದು. ಮೂರನೇದು, ವರ್ಷಗಟ್ಟಲೆ, ಕೆಲವರಿಗೆ ಜೀವನಪೂರ್ತಿ ಇರೋದು.

ಯಾಕೆ ಬರುತ್ತೆ? ಕರುಳು ತಿರುಚಿಕೊಂಡು ರಕ್ತ ನಿಲ್ಲಬಹುದು. ಕರುಳಿಗೆ ಹೋಗೋ ರಕ್ತನಾಳದಲ್ಲಿ ಹೆಪ್ಪು ಕಟ್ಟಬಹುದು. ಹರ್ನಿಯಾ ಸಿಕ್ಕಿಹಾಕಿಕೊಂಡು ಕರುಳು ಕೊಳೀಬಹುದು. ಟೈಫಾಯ್ಡ್ ತೂತು ಮಾಡಬಹುದು. ಟಿಬಿ ಅಂದ್ರೆ ಶ್ವಾಸಕೋಶ ಮಾತ್ರ ಅಂದ್ಕೊಂಡಿದೀವಿ. ಅದು ಕರುಳಿಗೂ ಬರುತ್ತೆ, ಸಣ್ಣ ಕರುಳು ದೊಡ್ಡ ಕರುಳು ಸೇರೋ ಜಾಗದಲ್ಲೇ ಹೆಚ್ಚು. ಗರ್ಭಕೊರಳಿನ ಕ್ಯಾನ್ಸರ್‌ಗೆ ರೇಡಿಯೇಷನ್ ತಗೊಂಡ ಕೆಲವು ಹೆಣ್ಣುಮಕ್ಕಳಿಗೆ ವರ್ಷಗಳಾದ ಮೇಲೆ ಕರುಳು ಹಾಳಾಗಬಹುದು. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ಕರುಳು ಕೊಳೆತು ಕತ್ತರಿಸಬೇಕಾಗಬಹುದು. ಈ ಪಟ್ಟಿಯನ್ನ ಇನ್ನೊಂದ್ಸಲ ಓದಿ. ಕೆಟ್ಟ ನೀರು, ಟಿಬಿ, ತಡವಾಗಿ ಗೊತ್ತಾದ ಕ್ಯಾನ್ಸರ್, ತೂಕ ಕಮ್ಮಿ ಇರೋ ಕೂಸು. ಇವು ಯಾರ ಹಟ್ಟಿಯ ಕಷ್ಟಗಳು ಅಂತ ನಾನು ಬಿಡಿಸಿ ಹೇಳ್ಬೇಕಾ?

ನನಗೆ ಇದೆಲ್ಲ ಗೊತ್ತಾಗಿದ್ದು ನಮ್ಮ ಕಡೆಯ ಒಬ್ಬ ಹುಡುಗನಿಂದ. 26 ವರ್ಷ, ಗಾರೆ ಕೆಲಸ. “ಅಣ್ಣ, ವಿಷ್ಯ ಬರಿ, ನನ್ ಹೆಸ್ರು ಊರು ಬ್ಯಾಡ. ಆಮೇಲೆ ಯಾರೂ ಹೆಣ್ ಕೊಡಲ್ಲ” ಅಂದಿದಾನೆ. ಹಾಗಾಗಿ ಬರೆಯಲ್ಲ.

ಒಂದಿನ ಸಂಜೆ ಅವನಿಗೆ ಹೊಟ್ಟೆ ನೋವು ಶುರುವಾಯ್ತು. ಮೈ ಮುದುರಿಕೊಂಡು ಒದ್ದಾಡೋ ಅಂಥ ನೋವು. ಒಂದು ಕ್ಲಿನಿಕ್ಕಿಗೆ ಹೋದ್ರು. ಗ್ಯಾಸು ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದ್ರು. ರಾತ್ರಿ ವಾಂತಿ, ಹೊಟ್ಟೆ ಉಬ್ಬರ. ಬೆಳಗ್ಗೆ ಇನ್ನೊಂದು ಕಡೆ ಸ್ಕ್ಯಾನ್, ಅಲ್ಲಿಂದ ಮುಂದಕ್ಕೆ ಬರೆದುಕೊಟ್ಟ ಚೀಟಿ, ಅಲ್ಲಿಂದ ಇನ್ನೊಂದು ಚೀಟಿ. ಕೊನೆಗೆ ಹೊಟ್ಟೆ ಕುಯ್ದಾಗ ನೋವು ಶುರುವಾಗಿ ಇಪ್ಪತ್ತು ಗಂಟೆ ದಾಟಿತ್ತು. ಕರುಳು ಹುರಿ ಹಾಕಿದ ಹಗ್ಗದ ಥರ ತಿರುಚಿಕೊಂಡು ಕಪ್ಪಾಗಿತ್ತು. ಉಳಿದದ್ದು 90 ಸೆಂಟಿಮೀಟರ್. ಮೂರು ಅಡಿ.

ರಕ್ತ ಪೂರ್ತಿ ನಿಂತ ಕರುಳು ಸಾಯೋಕೆ ಸುಮಾರು 6 ಗಂಟೆ ಸಾಕು ಅಂತಾರೆ. ಆ ಲೆಕ್ಕಾನ ನಮ್ಮ ನಕ್ಷೆ ಮೇಲೆ ಇಟ್ಟು ನೋಡಿ. ಪಾವಗಡದಿಂದ ತುಮಕೂರಿಗೆ ಹತ್ತಿರ ಹತ್ತಿರ 100 ಕಿಲೋಮೀಟರ್. ಅಲ್ಲಿಂದ ಬೆಂಗಳೂರಿಗೆ ಇನ್ನೂ 70. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ನಮ್ಮ ನಾಲ್ಕು ತಾಲೂಕು ಸೇರಿ ‘ಮಧುಗಿರಿ ಶೈಕ್ಷಣಿಕ ಜಿಲ್ಲೆ’ ಆಗ್ತೀವಿ, ಪೇಪರಲ್ಲಿ ನಮಗೇ ಬೇರೆ ಸ್ಥಾನ. ಹೊಟ್ಟೆ ನೋವು ಬಂದಾಗ ಮಾತ್ರ ಜಿಲ್ಲಾಸ್ಪತ್ರೆ ತುಮಕೂರಲ್ಲೇ. ಪಾವಗಡ, ಕೊರಟಗೆರೆ ಎರಡೂ ಮೀಸಲು ಕ್ಷೇತ್ರ. ವಿಧಾನಸೌಧಕ್ಕೆ ನಮ್ಮವರನ್ನ ಕಳಿಸ್ತಾ ಬಂದಿದೀವಿ. ರಾತ್ರಿ ಹತ್ತು ಗಂಟೆಗೆ ಹೊಟ್ಟೆ ಕುಯ್ಯೋ ಸರ್ಜನ್, ಅರಿವಳಿಕೆ ಡಾಕ್ಟರ್ ಇಬ್ಬರೂ ನಮ್ಮ ತಾಲೂಕು ಕೇಂದ್ರದಲ್ಲಿ ಇರ್ತಾರಾ ಅಂತ ಅವರನ್ನ ಎಷ್ಟು ಜನ ಕೇಳಿದೀವಿ?

ಈಗ ಚಿಕಿತ್ಸೆ ವಿಷಯ. ಇದನ್ನ ಎಲ್ಲರೂ ತಿಳ್ಕೊಬೇಕು.

ಹುಡುಗನ ಉಳಿದ ಕರುಳಿನ ತುದಿಯನ್ನ ಹೊಟ್ಟೆ ಮೇಲೆ ತಂದು ಚೀಲ ಕಟ್ಟಿದ್ರು. ಇದಕ್ಕೆ ಸ್ಟೋಮಾ ಅಂತಾರೆ. ದಿನಕ್ಕೆ ನಾಲ್ಕು ಲೀಟರ್ ಸೋರ್ತಿತ್ತು. ಕುತ್ತಿಗೆ ಹತ್ತಿರದ ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕಿ ಸಕ್ಕರೆ, ಪ್ರೋಟೀನ್, ಕೊಬ್ಬು, ಉಪ್ಪು, ವಿಟಮಿನ್ ಎಲ್ಲ ಇರೋ ದ್ರವ ಕೊಟ್ರು. ಆಸ್ಪತ್ರೆ ಭಾಷೆಯಲ್ಲಿ ಟಿಪಿಎನ್. ತುಂಬ ದಿನ ಹಸಿದ ಮೈಗೆ ಇದನ್ನ ಒಂದೇ ಸಲ ಪೂರ್ತಿ ಕೊಡಬಾರದಂತೆ. ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ದಿಢೀರ್ ಕುಸಿದು ಹೃದಯವೇ ನಿಂತುಹೋಗಬಹುದು. ಅದಕ್ಕೇ ಸ್ವಲ್ಪ ಸ್ವಲ್ಪವಾಗಿ ಏರಿಸ್ತಾರೆ, ಮೊದಲು ಥಯಾಮಿನ್ ಕೊಡ್ತಾರೆ, ದಿನಾ ರಕ್ತ ಪರೀಕ್ಷೆ ಮಾಡ್ತಾರೆ.

ಸೋರಿಕೆ ಸ್ವಲ್ಪ ಕಮ್ಮಿ ಆದ ಮೇಲೆ ಮನೆಗೆ ಕಳಿಸಿದ್ರು. ಬರೆದುಕೊಟ್ಟ ಚೀಟಿಯಲ್ಲಿ ಇದ್ದದ್ದು, ‘ಹೆಚ್ಚು ನೀರು ಕುಡಿಯಿರಿ’. ಅವರವ್ವ ಕೊಡ ಪಕ್ಕದಲ್ಲೇ ಇಟ್ಟು ಕುಡಿಸಿದಳು. ಎಳನೀರು ಕೊಟ್ಟಳು. ಕುಡಿದಷ್ಟೂ ಚೀಲ ತುಂಬ್ತಿತ್ತು, ಹುಡುಗ ಒಣಗ್ತಿದ್ದ. ಹತ್ತು ದಿನಕ್ಕೆ ಮೂತ್ರ ಬರೋದೇ ನಿಂತು, ಕಿಡ್ನಿಗೆ ಪೆಟ್ಟು ಬಿದ್ದು ಮತ್ತೆ ಅಡ್ಮಿಟ್.

ಎರಡನೇ ಸಲ ಸಿಕ್ಕ ಡಾಕ್ಟರಮ್ಮ ಕೂರಿಸಿಕೊಂಡು ಬಿಡಿಸಿ ಹೇಳಿದ್ರು. ಕರುಳಿನ ಮೇಲ್ಭಾಗ ಮಾತ್ರ ಉಳಿದು ಸ್ಟೋಮಾ ಇದ್ದಾಗ, ಉಪ್ಪಿಲ್ಲದ ಬರೀ ನೀರು ಹೊಟ್ಟೆಗೆ ಹೋದ್ರೆ ರಕ್ತದಲ್ಲಿರೋ ಉಪ್ಪು ಕರುಳೊಳಕ್ಕೆ ಇಳಿದು ಹೊರಕ್ಕೆ ಹೋಗುತ್ತೆ, ಅದರ ಹಿಂದೆ ನೀರೂ ಹೋಗುತ್ತೆ. ಬರೀ ನೀರು, ಟೀ, ಜ್ಯೂಸು ಇಂಥವರನ್ನ ಇನ್ನಷ್ಟು ಒಣಗಿಸುತ್ತೆ. ಉಪ್ಪು ಮತ್ತು ಗ್ಲೂಕೋಸ್ ಜೊತೆಗಿದ್ರೆ ಮಾತ್ರ ಕರುಳು ಹೀರ್ಕೊಳ್ಳುತ್ತೆ. ಓಆರ್‌ಎಸ್ ಹಿಂದಿನ ವಿಜ್ಞಾನವೂ ಇದೇ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದು ಡ್ರಿಪ್ ಬಾಟಲಿಗಳು ಖಾಲಿಯಾದಾಗ, ಬಂಗಾಳದ ಡಾಕ್ಟರ್ ದಿಲೀಪ್ ಮಹಲನಬೀಸ್ ಉಪ್ಪು-ಗ್ಲೂಕೋಸ್ ನೀರನ್ನ ಡ್ರಮ್ಮಿನಲ್ಲಿ ಕಲಸಿ ಕುಡಿಸಿ ಸಾವಿರಾರು ಜೀವ ಉಳಿಸಿದ್ರು. ಈಗಿನ ಓಆರ್‌ಎಸ್ ಪ್ಯಾಕೆಟ್ಟಿನ ಒಂದು ಲೀಟರಿನಲ್ಲಿ 2.6 ಗ್ರಾಂ ಅಡುಗೆ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತೆ. ಭೇದಿಗೆ ಅದು ಸಾಕು. ಹೆಚ್ಚು ಸೋರೋ ಸ್ಟೋಮಾ ಇರೋರಿಗೆ ಅದಕ್ಕಿಂತ ಉಪ್ಪು ಹೆಚ್ಚಿರೋ ದ್ರವ ಬೇಕಾಗುತ್ತೆ. ಎಷ್ಟು ಅಂತ ನೋಡೋ ಡಾಕ್ಟರೇ ಹೇಳ್ಬೇಕು. ಬಿಪಿ, ಹಾರ್ಟು, ಕಿಡ್ನಿ ನೋಡಿ ಲೆಕ್ಕ ಹಾಕ್ತಾರೆ. ನನ್ನ ಪೋಸ್ಟ್ ನೋಡಿ ಮನೇಲಿ ಕಲಸಬೇಡಿ.

ಅದರ ಜೊತೆಗೆ ಕರುಳಿನ ಓಟ ನಿಧಾನ ಮಾಡೋ ಲೋಪೆರಮೈಡ್, ಜಠರದ ಆಮ್ಲ ಕಮ್ಮಿ ಮಾಡೋ ಒಮೆಪ್ರಜೋಲ್. ಮೆಡಿಕಲ್ ಶಾಪಿನಲ್ಲಿ ಸಿಗೋ ಅಗ್ಗದ ಮಾತ್ರೆಗಳೇ. ಸೋರಿಕೆ ಅರ್ಧಕ್ಕಿಂತ ಕೆಳಕ್ಕೆ ಬಂತು. ಯೋಚನೆ ಮಾಡಿ. ಎರಡನೇ ಸಲ ಅವನನ್ನ ಉಳಿಸಿದ್ದು ಉಪ್ಪು, ಗ್ಲೂಕೋಸ್, ಎರಡು ಮಾತ್ರೆ, ಮತ್ತೆ ಅರ್ಧ ಗಂಟೆ ಕೂತು ವಿವರಿಸಿದ ಒಬ್ಬ ವೈದ್ಯೆ. ಮೊದಲನೇ ಸಲವೇ ಯಾರಾದ್ರೂ ಆ ಅರ್ಧ ಗಂಟೆ ಕೊಟ್ಟಿದ್ರೆ ಅವನ ಕಿಡ್ನಿಗೆ ಪೆಟ್ಟು ಬೀಳ್ತಿರಲಿಲ್ಲ. ಕಾಲೋನಿಯಿಂದ ಬಂದವರಿಗೆ ಹೇಳಿದ್ರೂ ಅರ್ಥ ಆಗಲ್ಲ ಅನ್ನೋ ತೀರ್ಮಾನ ಎಷ್ಟು ಬೇಗ ಮಾಡಿಬಿಡ್ತಾರೆ. ಇವತ್ತು ಆ ತಾಯಿ, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ದಿನಕ್ಕೆ ಎಷ್ಟು ಮಿಲಿ ಒಳಕ್ಕೆ ಹೋಯ್ತು, ಎಷ್ಟು ಮಿಲಿ ಹೊರಕ್ಕೆ ಬಂತು ಅಂತ ಗೋಡೆ ಮೇಲೆ ಇದ್ದಿಲಲ್ಲಿ ಬರೆದಿಡ್ತಾಳೆ.

ಐದು ತಿಂಗಳ ಮೇಲೆ ಕರುಳನ್ನ ದೊಡ್ಡ ಕರುಳಿಗೆ ಸೇರಿಸಿ ಹೊಲಿದ್ರು. ಉಳಿದ ಕರುಳು ನಿಧಾನಕ್ಕೆ ಹಿಗ್ಗಿ, ಹೆಚ್ಚು ಕೆಲಸ ಮಾಡೋದನ್ನ ಕಲಿಯುತ್ತೆ. ಎರಡು ವರ್ಷದವರೆಗೂ ಈ ಹೊಂದಾಣಿಕೆ ನಡೀತಿರುತ್ತೆ. ದೊಡ್ಡ ಕರುಳು ನೀರನ್ನ ಹಿಡಿದಿಡುತ್ತೆ, ಹೀರದೆ ಉಳಿದ ಪಿಷ್ಟದಿಂದ ಒಂದಿಷ್ಟು ಶಕ್ತಿಯನ್ನೂ ತೆಗೆದುಕೊಡುತ್ತೆ. ಹಾಗಾಗಿ ಅವನಿಗೆ ಟಿಪಿಎನ್ ಮೊದಲು ವಾರಕ್ಕೆ ಏಳು ರಾತ್ರಿ, ಆಮೇಲೆ ಮೂರು, ಈಗ ನಿಂತಿದೆ. ವಾರಕ್ಕೆ ಎರಡು ದಿನ ಬರೀ ಸಲೈನ್. ಸಣ್ಣ ಕರುಳಿನ ಕೊನೆ ಭಾಗ ಹೋಗಿರೋದ್ರಿಂದ ಬಿ12 ಇಂಜೆಕ್ಷನ್ ಜೀವನಪೂರ್ತಿ. ಆಕ್ಸಲೇಟ್ ಸೇರಿ ಕಿಡ್ನಿ ಕಲ್ಲಾಗಬಹುದು ಅಂತ ಕಡ್ಲೆಕಾಯಿ, ಪಾಲಕ್ ಕಮ್ಮಿ. ಕಡ್ಲೆಕಾಯಿ ಸೀಮೆಯಲ್ಲಿ ಹುಟ್ಟಿ ಕಡ್ಲೆಕಾಯಿ ತಿನ್ನಂಗಿಲ್ಲ ಅಂತ ಅವನಿಗೆ ಅದೊಂದೇ ದೊಡ್ಡ ದುಃಖ.

ಊಟದ ವಿಷಯದಲ್ಲೂ ಒಂದು ಕಥೆ ಇದೆ. ಮೊದಲನೇ ಆಸ್ಪತ್ರೆಯಲ್ಲಿ ಪಥ್ಯ ಹೇಳಿದವರು “ಮಾಂಸ ಮೊಟ್ಟೆ ಎಲ್ಲ ಬಿಡಿ, ಅದನ್ನ ತಿಂದೇ ಹೀಗಾಗಿರೋದು, ಸಾತ್ವಿಕ ಊಟ ಮಾಡಿ” ಅಂದ್ರಂತೆ. ತಿರುಚಿಕೊಂಡ ಕರುಳಿಗೂ ಬಾಡಿಗೂ ಏನು ಸಂಬಂಧ? ಗಾಯ ಮಾಯೋಕೆ, ಮೈ ತುಂಬೋಕೆ ಪ್ರೋಟೀನ್ ಬೇಕು. ಡಾಕ್ಟರಮ್ಮ ಹೇಳಿದ್ದು ಇಷ್ಟೇ: ಮೊಟ್ಟೆ, ಮೀನು, ಮಾಂಸ ಯಾವುದು ಒಗ್ಗುತ್ತೋ ತಿನ್ನು, ಸ್ವಲ್ಪ ಸ್ವಲ್ಪ ಆರೇಳು ಸಲ ತಿನ್ನು, ಅನ್ನ ಮುದ್ದೆ ಚೆನ್ನಾಗಿ ಅಗಿದು ತಿನ್ನು, ಕರಿದದ್ದು ಸಿಹಿ ಕಮ್ಮಿ ಮಾಡು. ವಿಜ್ಞಾನ ಹೇಳೋ ಪಥ್ಯ ಒಂದು, ಜಾತಿ ಹೇಳೋ ಪಥ್ಯ ಇನ್ನೊಂದು. ಬಿಳಿ ಕೋಟು ಹಾಕ್ಕೊಂಡು ಹೇಳಿದ ಮಾತ್ರಕ್ಕೆ ಎರಡನೇದು ಮೊದಲನೇದು ಆಗಲ್ಲ.

ಚೀಲದ ಕಥೆ ಇನ್ನೂ ಕಹಿ. ವಾರ್ಡಿನಲ್ಲಿ ಚೀಲ ಸೋರಿದಾಗ ಬದಲಿಸೋಕೆ ಯಾರೂ ಮುಂದೆ ಬರ್ತಿರಲಿಲ್ಲ. ಮೂಗು ಮುಚ್ಕೊಂಡು “ಕ್ಲೀನಿಂಗ್‌ನವರನ್ನ ಕರೀರಿ” ಅಂತಿದ್ರು. ಸ್ಟೋಮಾ ನೋಡಿಕೊಳ್ಳೋದು ತರಬೇತಿ ಬೇಕಾದ ನರ್ಸಿಂಗ್ ಕೆಲಸ. ಅದರ ಸುತ್ತ ಚರ್ಮ ಸುಟ್ಟಂಗಾಗದ ಹಾಗೆ ಅಳತೆ ನೋಡಿ ಕತ್ತರಿಸಿ ಅಂಟಿಸ್ಬೇಕು. ಆ ಕೆಲಸ ಕೊನೆಗೆ ಬಂದು ಬಿದ್ದದ್ದು ಗುತ್ತಿಗೆ ಮೇಲೆ ನೆಲ ಒರೆಸೋ ನಮ್ಮ ಒಬ್ಬ ಅಕ್ಕನ ಮೇಲೆ. ಅವಳು ಅವ್ವನಿಗೆ “ಭಯ ಪಡಬ್ಯಾಡ ಕಣಮ್ಮ, ಇದು ಗಲೀಜಲ್ಲ, ಇದು ನಿನ್ ಮಗನ್ ಕರುಳು” ಅಂತ ಹೇಳಿ ಕೈ ಹಿಡಿದು ಕಲಿಸಿಕೊಟ್ಟಳು. ಯಾವ ನರ್ಸಿಂಗ್ ಕಾಲೇಜಿನಲ್ಲೂ ಅವಳಿಗೆ ಇದನ್ನ ಹೇಳಿಕೊಟ್ಟಿರಲಿಲ್ಲ. ತಲೆತಲಾಂತರದಿಂದ ಊರಿನ ಹೊಲಸನ್ನ ನಮ್ಮ ಕೈಗೆ ಕೊಟ್ಟು, ಆ ಕೈಯನ್ನೇ ಮುಟ್ಟಬಾರದು ಅಂದವರ ಆಸ್ಪತ್ರೆ ಆವೃತ್ತಿ ಇದು.

ಈಗ ದುಡ್ಡು. ಆ ಹುಡುಗನ ಬಿಲ್ಲಿನಲ್ಲಿ ಒಂದು ದಿನದ ಟಿಪಿಎನ್ ಚೀಲ, ಕೊಳವೆ ಸಾಮಾನು ಸೇರಿ ನಾಲ್ಕು ಸಾವಿರದ ಮೇಲೆ ಬರ್ತಿತ್ತು. 2025-26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಒಂದು ರಾತ್ರಿಯ ಊಟಕ್ಕೆ ಹನ್ನೊಂದು ದಿನದ ಕೂಲಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಸರಿ. ಆದರೆ ಆಯುಷ್ಮಾನ್ ಯೋಜನೆ ಇರೋದು ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿರೋ ದಿನಗಳಿಗೆ, ಬಿಡುಗಡೆ ಆದ ಮೇಲೆ 15 ದಿನದ ಔಷಧಿಗೆ. ಹದಿನಾರನೇ ದಿನದಿಂದ ಕರುಳು ಬೆಳೆದುಬಿಡುತ್ತಾ? ಅವರ ಮನೆಯಲ್ಲಿ ಎಂಟು ಕುರಿ ಹೋದವು, ಅಕ್ಕನ ಓಲೆ ಹೋಯ್ತು, ಸ್ತ್ರೀಶಕ್ತಿ ಸಂಘದ ಸಾಲ ಬಂತು.

ಮನೆಯಲ್ಲಿ ಟಿಪಿಎನ್ ಹಾಕೋಕೆ ದುಡ್ಡೊಂದೇ ಸಾಲದು. ಶುದ್ಧ ಜಾಗ ಬೇಕು, ಸೋಪು ನೀರು ಬೇಕು, ಚೀಲ ಇಡೋಕೆ ಫ್ರಿಜ್ ಬೇಕು, ಫ್ರಿಜ್ಜಿಗೆ ಕರೆಂಟು ಬೇಕು. ಕೊಳವೆಗೆ ಸೋಂಕು ತಗುಲಿದ್ರೆ ಅದು ನೇರ ರಕ್ತಕ್ಕೆ ಹೋಗುತ್ತೆ. ಡ್ರಿಪ್ ಹಾಕಿದ ಮೇಲೆ ನಡುಕ, ಜ್ವರ ಬಂದ್ರೆ ಒಂದು ಗಂಟೆಯೂ ಕಾಯದೆ ಓಡ್ಬೇಕು. ವರ್ಷಗಟ್ಟಲೆ ಕೊಟ್ರೆ ಲಿವರ್ ಕೆಡಬಹುದು. ಪಾವಗಡದ ತಿರುಮಣಿ ಸುತ್ತ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ, ನಾಡಿಗೆಲ್ಲ ಕರೆಂಟು ಕೊಡುತ್ತೆ. ಒಂದೇ ಕೋಣೆಯ ಆಶ್ರಯ ಮನೆಯಲ್ಲಿ ರಾತ್ರಿಯಿಡೀ ಓಡೋ ಒಂದು ಫ್ರಿಜ್ ಮಾತ್ರ ನಮಗೆ ಕನಸು.

ಇದು ಆಗದ ಮಾತು ಅನ್ನೋರಿಗೆ ಸ್ವಲ್ಪ ಇತಿಹಾಸ. 1968ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಡಡ್ರಿಕ್ ಮತ್ತು ಸಂಗಡಿಗರು ರಕ್ತನಾಳದ ಆಹಾರದಿಂದಲೇ ನಾಯಿಮರಿಗಳು ಬೆಳೆಯೋದನ್ನ ತೋರಿಸಿಕೊಟ್ರು. 1970ರಲ್ಲಿ ಕೆನಡಾದ ಟೊರಾಂಟೊದಲ್ಲಿ ಕರುಳು ಕಳ್ಕೊಂಡ ಜೂಡಿ ಟೇಲರ್ ಅನ್ನೋ ತಾಯಿಗೆ ಖುರ್ಶೀದ್ ಜೀಜೀಬಾಯ್ ಅನ್ನೋ ವೈದ್ಯರು ಇದನ್ನ ಮನೆಯಲ್ಲೇ ಹಾಕ್ಕೊಳ್ಳೋದು ಕಲಿಸಿದ್ರು. ಆಕೆ ಮನೆ ಮಕ್ಕಳ ಜೊತೆ ಸುಮಾರು 20 ವರ್ಷ ಬದುಕಿದ್ರು. 2012ರಲ್ಲಿ ಕರುಳು ಹೆಚ್ಚು ಹೀರೋ ಹಾಗೆ ಮಾಡೋ ಟೆಡುಗ್ಲೂಟೈಡ್ ಔಷಧಿಗೆ ಅಮೆರಿಕದಲ್ಲಿ ಅನುಮತಿ ಸಿಕ್ತು; ಆಗ ಅಲ್ಲಿ ಅದರ ಬೆಲೆ ವರ್ಷಕ್ಕೆ ಸುಮಾರು 3 ಲಕ್ಷ ಡಾಲರ್ ಇತ್ತು. ಬೇರೆ ದಾರಿ ಇಲ್ಲದವರಿಗೆ ಕರುಳು ಕಸಿಯೂ ಇದೆ. ಅಂದ್ರೆ ಜ್ಞಾನಕ್ಕೆ ಐವತ್ತು ವರ್ಷ ದಾಟಿದೆ. ನಮ್ಮ ತಾಲೂಕಿಗೆ ಬರೋ ಬಸ್ಸು ಮಾತ್ರ ಇನ್ನೂ ಹೊರಟಿಲ್ಲ.

ಡಯಾಲಿಸಿಸ್ ಕೂಡ ಒಂದು ಕಾಲಕ್ಕೆ ದೊಡ್ಡೂರಿನ ದುಡ್ಡಿರೋರದ್ದೇ ಆಗಿತ್ತು. ಜನ ಕೇಳಿದ್ರು, ಸರ್ಕಾರ ಯೋಜನೆ ಮಾಡ್ತು, 2016ರಿಂದ ರಾಷ್ಟ್ರಮಟ್ಟದ ಡಯಾಲಿಸಿಸ್ ಕಾರ್ಯಕ್ರಮವೂ ಬಂತು. ಇವತ್ತು ತಾಲೂಕು ಆಸ್ಪತ್ರೆಗಳಲ್ಲಿ ಬಡವರಿಗೆ ಡಯಾಲಿಸಿಸ್ ಸಿಗ್ತಿದೆ. ಕಿಡ್ನಿಗೆ ಆಗಿದ್ದು ಕರುಳಿಗೆ ಯಾಕಾಗಬಾರದು? ಇಂಥ ರೋಗಿಗಳು ಸಂಖ್ಯೆಯಲ್ಲಿ ಕಮ್ಮಿ, ನಿಜ. ಕಮ್ಮಿ ಇದ್ದಾರೆ ಅನ್ನೋ ಕಾರಣಕ್ಕೆ ಬಿಟ್ಟುಬಿಡೋದಾದ್ರೆ ಹಕ್ಕು ಅನ್ನೋ ಪದಕ್ಕೆ ಅರ್ಥ ಏನು?

ಹಾಗಾಗಿ ನಮ್ಮ ಬೇಡಿಕೆಗಳು:

1. ನಾಲ್ಕೂ ತಾಲೂಕು ಆಸ್ಪತ್ರೆಗಳಲ್ಲಿ 24 ಗಂಟೆ ಸರ್ಜನ್, ಅರಿವಳಿಕೆ ತಜ್ಞ, ಸ್ಕ್ಯಾನ್ ಇರಬೇಕು. ಇಲ್ಲದಿದ್ರೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸದೆ, ಆಪರೇಷನ್ ಆಗೋ ಜಾಗಕ್ಕೇ ನೇರ 108ರಲ್ಲಿ ಕಳಿಸಬೇಕು.

2. ಜಿಲ್ಲಾಸ್ಪತ್ರೆಯಲ್ಲಿ ಕರುಳು ರೋಗಿಗಳಿಗೆ ಒಂದು ಪೋಷಣಾ ತಂಡ ಬೇಕು: ವೈದ್ಯರು, ಪಥ್ಯ ತಜ್ಞರು, ಸ್ಟೋಮಾ ತರಬೇತಿ ಆದ ನರ್ಸು. ಮನೆಗೆ ಕಳಿಸೋ ಮುಂಚೆ ಮನೆಯವರಿಗೆ ಕನ್ನಡದಲ್ಲಿ ತರಬೇತಿ, ಕೈಗೆ ಬರಹ.

3. ಮನೆಯಲ್ಲಿ ಕೊಡೋ ಟಿಪಿಎನ್, ಸ್ಟೋಮಾ ಚೀಲ, ಬಿ12 ಎಲ್ಲವನ್ನೂ ಯೋಜನೆಯಡಿ ತರಬೇಕು. ಪರಿಶಿಷ್ಟರಿಗೆ ಇದರ ಹಣ 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ ಅನುದಾನದಿಂದ ಕೊಡಬಹುದು. ಆ ದುಡ್ಡು ಎಲ್ಲೆಲ್ಲಿಗೋ ಹರಿದುಹೋಗೋ ಬದಲು ಒಬ್ಬರ ರಕ್ತನಾಳಕ್ಕೆ ಹರಿಯಲಿ.

4. 2016ರ ಅಂಗವಿಕಲರ ಹಕ್ಕು ಕಾಯ್ದೆಯಲ್ಲಿ 21 ಬಗೆ ಇವೆ. ಹಿಮೋಫಿಲಿಯಾ, ಥಲಸ್ಸೀಮಿಯಾ ಇವೆ, ಒಳ್ಳೇದು. ಕರುಳು ವೈಫಲ್ಯ ಇಲ್ಲ. ಗಾರೆ ಕೆಲಸಕ್ಕೆ ಹೋಗೋಕಾಗದ ಆ ಹುಡುಗನಿಗೆ ಪಿಂಚಣಿಯೂ ಇಲ್ಲ, ಬಸ್ ಪಾಸೂ ಇಲ್ಲ. ಪಟ್ಟಿಗೆ ಸೇರಿಸಬೇಕು.

5. ಟಿಬಿ ರೋಗಿಗಳಿಗೆ ನಿಕ್ಷಯ್ ಪೋಷಣ್ ಹಣ 2024ರ ನವೆಂಬರಿಂದ ತಿಂಗಳಿಗೆ 1,000 ರೂಪಾಯಿ ಆಗಿದೆ. ಹೊಟ್ಟೆ ಟಿಬಿ ಇರೋರಿಗೂ ಅದು ತಪ್ಪದೆ ಸೇರಬೇಕು. ಆಶಾ ಅಕ್ಕಂದಿರಿಗೆ ಹೊಟ್ಟೆ ಟಿಬಿ ಲಕ್ಷಣಗಳ ತರಬೇತಿ ಕೊಡಬೇಕು.

ಇನ್ನು ನಾವು ಮಾಡ್ಬೇಕಾದ್ದು. ಹೊಟ್ಟೆ ನೋವು ದಿಢೀರ್ ಅಂತ ಬಂದು ತಡೆಯೋಕಾಗದಷ್ಟು ಇದ್ರೆ, ವಾಂತಿ ನಿಲ್ಲದಿದ್ರೆ, ಹೊಟ್ಟೆ ಉಬ್ಬಿ ಗಾಳಿ ಮಲ ಎರಡೂ ನಿಂತ್ರೆ, ಗ್ಯಾಸು ಅಂತ ಕೂರಬೇಡಿ. ಮಂತ್ರ, ದಾರ, ಸೋಡಾ ಯಾವುದಕ್ಕೂ ಕಾಯಬೇಡಿ. ಹರ್ನಿಯಾ ಗಂಟು ಒಳಕ್ಕೆ ಹೋಗದೆ ಗಟ್ಟಿಯಾಗಿ ನೋಯ್ತಿದ್ರೆ ರಾತ್ರಿ ಎರಡಾಗಿದ್ರೂ ಹೊರಡಿ. ಗಂಟೆಗೊಂದು ಅಡಿ ಕರುಳು ಹೋಗ್ತಿದೆ ಅಂತಲೇ ತಿಳ್ಕೊಳ್ಳಿ. ಡಿಸ್ಚಾರ್ಜ್ ಮಾಡುವಾಗ ಮೂರು ಪ್ರಶ್ನೆ ಕೇಳಿ: ಎಷ್ಟು ಕರುಳು ಉಳಿದಿದೆ? ದೊಡ್ಡ ಕರುಳು ಸೇರಿದೆಯಾ? ಏನು ಕುಡೀಬೇಕು, ಎಷ್ಟು ಕುಡೀಬೇಕು? ಉತ್ತರಾನ ಬರೆಸಿಕೊಳ್ಳಿ. ಕೇಳೋದು ನಿಮ್ಮ ಹಕ್ಕು, ಯಾರೂ ಭಿಕ್ಷೆ ಹಾಕ್ತಿಲ್ಲ.

ನಾಲ್ಕೂ ತಾಲೂಕಿನ ಗೆಳೆಯರೇ, ನಿಮ್ಮೂರಲ್ಲಿ ಕರುಳು ಆಪರೇಷನ್ ಆಗಿ ಚೀಲ ಕಟ್ಕೊಂಡು ಮನೆಯಿಂದ ಹೊರಗೆ ಬರದೆ ಕೂತಿರೋರು ಇರ್ತಾರೆ. ನಾಚಿಕೆಯಿಂದ ಯಾರೂ ಹೇಳ್ಕೊಂಡಿರಲ್ಲ. ಹೋಗಿ ಮಾತಾಡಿಸಿ, ಪಕ್ಕದಲ್ಲಿ ಕೂತು ಟೀ ಕುಡೀರಿ. ಅವರು ಒಪ್ಪಿದ್ರೆ ಮಾತ್ರ ನನಗೆ ಮೆಸೇಜ್ ಮಾಡಿ, ಹೆಸರು ಎಲ್ಲೂ ಹೊರಗೆ ಬರಲ್ಲ. ಮನವಿ ಪತ್ರ ತಯಾರಾಗ್ತಿದೆ. ಎಷ್ಟು ಜನ ಇದ್ದಾರೆ ಅನ್ನೋ ಲೆಕ್ಕ ಕೈಯಲ್ಲಿ ಹಿಡ್ಕೊಂಡು ಹೋಗೋಣ.

ಜೈ ಭೀಮ್.